ಒಲೆ ಹಚ್ಚದವರ ಮರ

ಬಂಗಾರಿಗೆ ಸಿಟ್ಟು ಬಂದರೆ ಬಾಯಿ ಜೋರಾಗುವುದಿಲ್ಲ, ತರಕಾರಿಯ ದರ ಜೋರಾಗುತ್ತದೆ. ಕುಮಟೆಯ ಪೇಟೆಯಲ್ಲಿ ಇದನ್ನು ತಿಳಿಯದವರಿಲ್ಲ. ಹರಿವೆಯ ಕಟ್ಟನ್ನು ನಾಲ್ಕು ಸಲ ತಿರುವಿ ಹಾಕಿ ಮೂಗು ಮುರಿದ ಗಿರಾಕಿಗೆ ಒಂದು ದರ, ಪಕ್ಕದಲ್ಲೇ ಸುಮ್ಮನೆ ನಿಂತ ಮುದುಕಿಗೆ ಇನ್ನೊಂದು ದರ. ಇದೆಂಥ ನ್ಯಾಯ ಎಂದು ಕೇಳಿದವರಿಗೆ ಅವಳು ಉತ್ತರ ಕೊಡುವುದಿಲ್ಲ, ಬುಟ್ಟಿಯನ್ನು ಅತ್ತ ಕಡೆ ಎಳೆದುಕೊಳ್ಳುತ್ತಾಳೆ. ಅಂಥ ಬಂಗಾರಿ ಕಳೆದ ಮಳೆಗಾಲದ ಆರಂಭದಲ್ಲಿ ಒಂದು ದಿನ ಸಿಹಿ ಈರುಳ್ಳಿಯ ಗೊಂಚಲನ್ನು ಯಾರಿಗೂ ಯಾವ ದರಕ್ಕೂ ಮಾರದೆ ಹಾಗೇ ಹೊತ್ತುಕೊಂಡು ಮನೆಗೆ ನಡೆದಳು. ಏನೋ ಆಗಬಾರದ್ದು ಆಗಿದೆ ಎಂದು ಪೇಟೆಯ ಹೆಂಗಸರು ಆಗಲೇ ಮಾತಾಡಿಕೊಂಡರು.

ಆಗಿದ್ದೇನೆಂದು ತಿಳಿಯಬೇಕಾದರೆ ಅವಳ ಊರನ್ನು ನೋಡಬೇಕು. ಮಿರ್ಜಾನದ ಹತ್ತಿರ ಹೆದ್ದಾರಿ ಬಿಟ್ಟು ಒಳಕ್ಕೆ ಇಳಿದರೆ ಮೊದಲು ಗದ್ದೆಬೈಲು, ಆಮೇಲೆ ಅಘನಾಶಿನಿಗೆ ಹೋಗಿ ಸೇರುವ ಒಂದು ಹಳ್ಳ, ಹಳ್ಳ ದಾಟಿದರೆ ಹಾಲಕ್ಕಿ ಒಕ್ಕಲಿಗರ ಒಂದು ಸಣ್ಣ ಕೊಪ್ಪ. ಹಳ್ಳದಕೊಪ್ಪ ಎಂದು ಅದರ ಹೆಸರು. ಕೊಪ್ಪಕ್ಕೊಬ್ಬ ಗೌಡ ಇರುತ್ತಾನೆ, ಗೌಡನ ಮಾತನ್ನು ಮನೆಮನೆಗೆ ಮುಟ್ಟಿಸುವವನು ಕೋಲಕಾರ. ಈಗಿನ ಗೌಡ ಹಮ್ಮು, ಕೋಲಕಾರ ಬಂಗಾರಿಯ ಗಂಡ ದೇವು. ದೇವುವಿನ ಮೂತ್ರಪಿಂಡ ಕೈಕೊಟ್ಟ ಮೇಲೆ ಮನೆಮನೆ ಸುತ್ತುವ ಕೆಲಸವನ್ನು ಬಂಗಾರಿಯೇ ಮಾಡುತ್ತ ಬಂದಳು. ಹೆಂಗಸು ಹೇಳಿಕೆ ತರುವುದು ಯಾವ ಊರಿನ ಕ್ರಮ ಎಂದು ಒಬ್ಬಿಬ್ಬರು ಗೊಣಗಿದರು. ಮುಂದಿನ ಸಲ ಬಂಗಾರಿ ಎಲ್ಲರಿಗಿಂತ ಮೊದಲು ಅವರ ಅಂಗಳಕ್ಕೇ ಹೋಗಿ ನಿಂತಳು, ಗೊಣಗಾಟ ಅಲ್ಲಿಗೆ ಮುಗಿಯಿತು.

ಕೋಲಕಾರನ ಹೇಳಿಕೆಗಳಲ್ಲಿ ಹಿಂದೆ ದೊಡ್ಡದು ಸಂಕದ ಹೇಳಿಕೆ. ಮುಂಗಾರು ಇಳಿಯುವ ಮೊದಲು ಹಳ್ಳ ದಾಟಲು ಅಡಕೆಮರದ ಕಾಲುಸಂಕ ಹಾಕಬೇಕು, ಇಲ್ಲದಿದ್ದರೆ ಕೊಪ್ಪ ಆ ಬದಿಗೇ ಉಳಿಯುತ್ತದೆ. ಒಲೆಗೊಂದು ಮರ ಎಂಬುದು ಕಟ್ಟಳೆ. ಅಣ್ಣತಮ್ಮಂದಿರು ಒಂದೇ ಮಾಡಿನಡಿ ಇದ್ದರೂ ಒಲೆ ಎರಡಾದರೆ ಮರವೂ ಎರಡು. ಬಂದ ಮರಕ್ಕೆ ಕೋಲಕಾರನ ಮನೆಯವರು ಕುಂಕುಮ ಹಚ್ಚಬೇಕು. ಕುಂಕುಮ ಬಿದ್ದ ಮೇಲೆ ಆ ಮನೆಯ ಪಾಲು ಸಂದಾಯವಾದಂತೆ. ಮರ ಸೊಟ್ಟಗಿರಲಿ, ಟೊಳ್ಳಿರಲಿ, ಇನ್ನೊಂದು ತಾ ಎಂದು ಆಮೇಲೆ ಯಾರೂ ಬಾಯಿ ತೆರೆಯುವ ಹಾಗಿಲ್ಲ. ಗಂಡಸರು ನೀರಿಗಿಳಿದು ಮರ ಹೊರುವ ಕವೆಗಂಬ ನೆಡುತ್ತಿದ್ದರೆ ಹೆಂಗಸರು ದಡದಲ್ಲಿ ನಿಂತು ಹಾಡು ಹೇಳುತ್ತಿದ್ದರು. ಬಂಗಾರಿ ಮದುವೆಯಾಗಿ ಬಂದ ವರ್ಷ ಎಲ್ಲರಿಗಿಂತ ಗಟ್ಟಿಯಾಗಿ ಹಾಡಿ ಅತ್ತೆಯಿಂದ ಬೈಸಿಕೊಂಡಿದ್ದಳು.

ಆಮೇಲೆ ಊರವರೇ ಕಲ್ಲು ಹೊತ್ತು, ಪಂಚಾಯತಿಯಿಂದ ಸಿಮೆಂಟು ಪಡೆದು, ಒಂದು ಮೋರಿ ಕಟ್ಟಿಕೊಂಡರು. ಒಂದು ಆಟೋ ಹೋಗುವಷ್ಟು ಅಗಲ. ಸಂಕದ ಹೇಳಿಕೆ ನಿಂತಿತು. ದೇವುವಿನ ತಮ್ಮನ ಮಗ ಉಮೇಶ ಆಟೋ ತೆಗೆದುಕೊಂಡ. ದೇವುವಿಗೆ ವಾರಕ್ಕೆರಡು ಸಲ ಕುಮಟೆಯ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಆಗಬೇಕೆಂದು ಡಾಕ್ಟರು ಹೇಳಿದ ಮೇಲೆ, ಆ ಆಟೋ ಅಂಗಳಕ್ಕೇ ಬಂದು ನಿಲ್ಲುತ್ತಿತ್ತು. ರಕ್ತ ತೊಳೆಯುವ ಆ ಯಂತ್ರವನ್ನು ಬಂಗಾರಿ ಮಿಷಿನ್ನು ಎನ್ನುತ್ತಿದ್ದಳು. ಇವತ್ತು ಮಿಷಿನ್ನಿನ ದಿನ, ಇವತ್ತಲ್ಲ, ಎಂದು ಅವಳ ವಾರವೇ ಹಾಗೆ ಹಂಚಿಹೋಗಿತ್ತು.

ಆ ಹೊತ್ತಿಗೆ ರವೀಂದ್ರ ಎಂಬ ಧಣಿ ಬಂದ. ಭಟ್ಕಳದಲ್ಲೊಂದು, ಹೊನ್ನಾವರದಲ್ಲೊಂದು ಲೇಔಟ್ ಮಾಡಿ ಮುಗಿಸಿ, ಈಗ ಹೆದ್ದಾರಿಯ ಬದಿಯ ಗದ್ದೆಬೈಲನ್ನು ಕೊಂಡು, ಅದನ್ನು ಬಿನಶೇತ್ಕಿ ಮಾಡಿಸಿ ಮನೆ ಕಟ್ಟಲು ಒಪ್ಪಿಗೆ ಪಡೆದಿದ್ದ. ಗದ್ದೆ ತಗ್ಗು, ತುಂಬಲು ಮಣ್ಣು ಬೇಕು. ಮಣ್ಣು ಎಲ್ಲಿದೆ? ಕೊಪ್ಪದ ಹಿಂದಿನ ಗುಡ್ಡದಲ್ಲಿ. ಕೆಂಪುಮಣ್ಣು ಹೇರಿದ ಟಿಪ್ಪರುಗಳು ಆಟೋ ದಾಟಲೆಂದು ಕಟ್ಟಿದ ಮೋರಿಯ ಮೇಲೆ ಬೆಳಗಿನಿಂದ ಸಂಜೆಯವರೆಗೆ ಓಡಿದವು. ಮೆಲ್ಲಗೆ ಹೋಗಿ ಎಂದವರಿಗೆ ಡ್ರೈವರುಗಳು ಹಾರ್ನು ಹೊಡೆದು ಉತ್ತರ ಕೊಟ್ಟರು. ಶಿವರಾತ್ರಿ ಕಳೆದ ವಾರ ಮೋರಿ ಸೊಂಟ ಮುರಿದುಕೊಂಡು ಹಳ್ಳದಲ್ಲಿ ಮಲಗಿತು. ಅಷ್ಟರಲ್ಲಿ ಗದ್ದೆ ತುಂಬಿತ್ತು, ಧಣಿಗೆ ಮಣ್ಣು ಸಾಕಾಗಿತ್ತು. ಮರುದಿನದಿಂದ ಟಿಪ್ಪರು ಬರಲಿಲ್ಲ, ಕ್ಷಮಿಸಿ ಎಂದು ಹೇಳಲು ಒಂದು ನರಪಿಳ್ಳೆಯೂ ಬರಲಿಲ್ಲ. ದೇವುವನ್ನು ಕುರ್ಚಿಯ ಮೇಲೆ ಕೂರಿಸಿ ಹಳ್ಳ ದಾಟಿಸುವುದು ಅಂದಿನಿಂದ ಶುರುವಾಯಿತು.

ಹಾಗೆಂದು ಇದಕ್ಕೆ ದಾರಿಯಿರಲಿಲ್ಲವೇ? ಇತ್ತು. ಲೇಔಟ್ ಮಾಡುವವರು ಅಭಿವೃದ್ಧಿ ಶುಲ್ಕ ಕಟ್ಟಬೇಕು, ಆ ದುಡ್ಡು ಆ ಭಾಗದ ರಸ್ತೆಗೆ, ಸೇತುವೆಗೆ ಹೋಗಬೇಕು. ರವೀಂದ್ರನ ಶುಲ್ಕ ಬಂದ ಕೂಡಲೇ ಮೋರಿಯ ಜಾಗದಲ್ಲಿ ಗಟ್ಟಿ ಸೇತುವೆ ಎಂದು ಪಂಚಾಯತಿಯಲ್ಲಿ ಕೈ ಎತ್ತಿ ಠರಾವು ಮಾಡಿದರು. ಬಂಗಾರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ದಾರಿ ಬಳಸಿದವ ದಾರಿಗೆ ಕೊಡಬೇಕು, ಅದು ಕೊಪ್ಪದಲ್ಲಿ ಹುಟ್ಟಿದ ಮಕ್ಕಳಿಗೂ ಗೊತ್ತು. ಹೊನ್ನಾವರದಲ್ಲಿ ಅವಳ ಮಗಳು ಕಲ್ಪನಾಳ ಮನೆಯ ಎದುರು ಅಂಥದೇ ದುಡ್ಡಿನಿಂದ ರಸ್ತೆಯಾಗಿದ್ದನ್ನು, ಇಬ್ಬದಿ ಗಟಾರವಾಗಿದ್ದನ್ನು ಅವಳು ಕಣ್ಣಾರೆ ನೋಡಿ ಬಂದಿದ್ದಳು. ಅಲ್ಲಿ ಆದದ್ದು ಇಲ್ಲೇಕೆ ಆಗಬಾರದು?

ಆದರೆ ಮೇ ತಿಂಗಳು ಬಂದರೂ ಒಂದು ಬುಟ್ಟಿ ಜಲ್ಲಿ ಬೀಳಲಿಲ್ಲ. ಆಕಾಶ ನೋಡಿದರೆ ಭಯ. ಕುರ್ಚಿ ಹೊರುವವರು ಮೊಣಕಾಲು ನೀರಿನಲ್ಲೇ ಏದುಸಿರು ಬಿಡುತ್ತಿದ್ದರು, ಮಳೆ ಹಿಡಿದರೆ ದೇವುವಿನ ಗತಿಯೇನು? ಈ ವರ್ಷಕ್ಕೊಂದು ಸಂಕವಾದರೂ ಹಾಕೋಣ ಎಂದು ಹಮ್ಮು ಹೇಳಿದ. ಆಗ ಬಂಗಾರಿಯ ತಲೆಗೆ ಒಂದು ವಿಚಾರ ಬಂತು. ಹಾಳು ವಿಚಾರ ಎಂದು ಅವಳೇ ಆಮೇಲೆ ಎಷ್ಟೋ ಸಲ ಹಣೆ ಚಚ್ಚಿಕೊಂಡಳು, ಆ ದಿನ ಮಾತ್ರ ಬಹಳ ಒಳ್ಳೆಯದಾಗಿ ಕಂಡಿತು. ದಾರಿ ಮುರಿದವ ಧಣಿ. ಅವನ ಲೇಔಟಿನಲ್ಲಿ ಕಲ್ಲು ನೆಟ್ಟು ಗುರುತು ಮಾಡಿದ ಸೈಟುಗಳು ನಲವತ್ತು. ಸೈಟೆಂದರೆ ಮನೆ, ಮನೆಯೆಂದರೆ ಒಲೆ. ಒಲೆಗೊಂದರಂತೆ ಅವನು ನಲವತ್ತು ಮರ ಕೊಡಬೇಕು.

ಧಣಿಯ ಕೆಲಸಗಳನ್ನೆಲ್ಲ ನೋಡಿಕೊಳ್ಳುತ್ತಿದ್ದವ ಪಕ್ಕದ ಕೇರಿಯ ಭಾಸ್ಕರ. ಚಿಕ್ಕವನಿದ್ದಾಗ ಬಂಗಾರಿಯ ಬುಟ್ಟಿಯಿಂದ ಸೌತೆಕಾಯಿ ಕದ್ದು ತಿಂದವ, ಈಗ ಕೊರಳಲ್ಲಿ ಸರ, ಕೈಯಲ್ಲಿ ಎರಡು ಫೋನು. ಬಂಗಾರಿ ಅವನ ಆಫೀಸಿಗೆ ಹೋಗಿ ಕಟ್ಟಳೆ ಹೇಳಿದಾಗ ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ಮಾರನೆಯ ದಿನ ತಾನೇ ಹುಡುಕಿಕೊಂಡು ಬಂದು, ಧಣಿ ಒಪ್ಪಿದ್ದಾರೆ, ನಲವತ್ತೂ ಕೊಡುತ್ತಾರಂತೆ ಎಂದ. ಇಷ್ಟು ಸುಲಭವಾಗಿ ಒಪ್ಪಿದ್ದು ಯಾಕೆಂದು ಆಗಲೇ ಕೇಳಬೇಕಿತ್ತು. ಯಾರೂ ಕೇಳಲಿಲ್ಲ. ಕಟ್ಟಳೆಗೆ ಇನ್ನೂ ಬೆಲೆಯಿದೆಯಲ್ಲ ಎಂದು ಇಡೀ ಕೊಪ್ಪ ಹಿಗ್ಗಿತು.

ಲಾರಿಯಲ್ಲಿ ಮರ ಬಂದವು. ಹಳೆಯ ಸಂಕದ ಕೆಲಸ ಬಲ್ಲವರು ಪಂಚೆ ಕಟ್ಟಿಕೊಂಡು ನೀರಿಗಿಳಿದರು. ದೇವು ದಡದ ಕುರ್ಚಿಯಲ್ಲಿ ಕೂತು ಕವೆ ಎಲ್ಲಿ ನೆಡಬೇಕೆಂದು ಕೈ ತೋರಿಸಿದ, ಹೆಂಗಸರು ಎಷ್ಟೋ ವರ್ಷದ ಮೇಲೆ ಸಂಕದ ಹಾಡು ಎತ್ತಿದರು. ನಲವತ್ತು ಮರಕ್ಕೂ ಬಂಗಾರಿಯೇ ಕುಂಕುಮ ಹಚ್ಚಿದಳು. ಭಾಸ್ಕರ ಅವಳನ್ನು ನಿಲ್ಲಿಸಿ, ಹೀಗೆ ತಿರುಗು, ಹಾಗೆ ತಿರುಗು ಎಂದು ಫೋಟೋ ತೆಗೆದ. ಸಂಜೆ ದೇವು ಕೈಹಿಡಿ ಹಗ್ಗ ಹಿಡಿದುಕೊಂಡು, ಯಾರ ಹೆಗಲನ್ನೂ ಕೇಳದೆ, ಸಂಕದ ಆ ತುದಿಗೆ ಹೋಗಿ ತಿರುಗಿ ಬಂದ. ಬಂಗಾರಿ ಅಂದು ಖುಷಿಪಟ್ಟದ್ದು ಸುಳ್ಳಲ್ಲ.

ಜೂನಿನಲ್ಲಿ ಒಂದು ದಿನ ಪೇಟೆಯಲ್ಲಿ ಈರುಳ್ಳಿ ಕೊಳ್ಳಲು ಬಂದ ಭಾಸ್ಕರನನ್ನು ಅವಳು, ಮಳೆ ಮುಗಿದ ಮೇಲೆ ಸೇತುವೆಯ ಕೆಲಸ ಹಿಡಿಯುತ್ತಾರಲ್ಲವೇ ಎಂದು ಸುಮ್ಮನೆ ಕೇಳಿದಳು.

"ಸೇತುವೆ ಆತಲ ಬಂಗಾರಕ್ಕ" ಎಂದ ಭಾಸ್ಕರ. "ಇನ್ನೆಂತ ಸೇತುವೆ?"

ಅವನು ಮುಚ್ಚಿಡಲೂ ಹೋಗಲಿಲ್ಲ, ಅದೇ ಹೆಚ್ಚು ಉರಿ. ಹಳ್ಳಕ್ಕೆ ಸ್ವಂತ ಖರ್ಚಿನಿಂದ ಸೇತುವೆ ಹಾಕಿಕೊಟ್ಟಿದ್ದೇನೆಂದು ಧಣಿ ಬರೆದುಕೊಟ್ಟಿದ್ದ. ಸರಕಾರದ ಎಂಜಿನಿಯರ್ ಅನೂಪ ಎಂಬವರು ಹೆದ್ದಾರಿಯ ಬದಿಯಲ್ಲಿ ಜೀಪು ನಿಲ್ಲಿಸಿ, ಭಾಸ್ಕರನ ಫೋನಿನಲ್ಲಿದ್ದ ಫೋಟೋ ನೋಡಿ, ಸೇತುವೆ ಇದೆ ಎಂದು ಷರಾ ಹಾಕಿದ್ದರು. ಶುಲ್ಕ ಆ ಖರ್ಚಿನಲ್ಲೇ ಹೊಂದಾಣಿಕೆಯಾಯಿತು, ಧಣಿ ಕಟ್ಟುವುದಕ್ಕೆ ಏನೂ ಉಳಿಯಲಿಲ್ಲ. ಇಷ್ಟು ಹೇಳಿ ಭಾಸ್ಕರ ನಕ್ಕ. ಕುಂಕುಮ ಹಚ್ಚಿದವಳು ನೀನೇ ಅಲ್ಲವೇ, ಕುಂಕುಮ ಬಿದ್ದ ಮೇಲೆ ಬಾಕಿ ಕೇಳುವುದು ನಿಮ್ಮ ಕಟ್ಟಳೆಯಲ್ಲೇ ಇಲ್ಲವಲ್ಲ ಎಂದ. ಅವನ ಕೈಯಲ್ಲಿದ್ದ ಈರುಳ್ಳಿಯ ಗೊಂಚಲನ್ನು ಬಂಗಾರಿ ಕಸಿದುಕೊಂಡಳು.

ಅವಳು ಆ ದಿನ ಬಸ್ಸು ಹತ್ತಲಿಲ್ಲ. ಸಿಟ್ಟಿಗೆ ಕೂರಲಾಗುತ್ತಿರಲಿಲ್ಲ, ಹಾಗಾಗಿ ನಡೆದಳು. ಧಣಿಯ ಮೇಲಿನ ಸಿಟ್ಟು ಒಂದು ಪಾಲಾದರೆ ತನ್ನ ಮೇಲಿನದು ಮೂರು ಪಾಲು. ದುಡ್ಡು ನುಂಗಿದವರನ್ನು ಅವಳು ಬೇಕಾದಷ್ಟು ನೋಡಿದ್ದಳು. ಆದರೆ ಇವರು ನುಂಗಿದ್ದು ಕೊಪ್ಪದ ಮಾನವನ್ನು. ಊರು ಕೊಟ್ಟ ಮಾತಿಗೆ ತಪ್ಪುವುದಿಲ್ಲ ಎಂಬುದನ್ನೇ ಹಗ್ಗ ಮಾಡಿ ಊರಿನ ಕೈ ಕಟ್ಟಿದ್ದರು, ಆ ಹಗ್ಗವನ್ನು ಅವರಿಗೆ ಒಯ್ದು ಕೊಟ್ಟವಳು ತಾನು.

ಮನೆಗೆ ಬಂದು ದೇವುವಿಗೆ ಎಲ್ಲವನ್ನೂ ಹೇಳಿ ಮುಗಿಸಿದಳು. ಅವನು ಮೊದಲೇ ಮಾತು ಕಡಿಮೆಯ ಮನುಷ್ಯ, ಮಿಷಿನ್ನು ಹತ್ತಲು ಶುರುವಾದ ಮೇಲೆ ಇನ್ನೂ ಕಡಿಮೆ. ಆ ಸೈಟುಗಳಲ್ಲಿ ಯಾರಾದರೂ ಮನೆ ಕಟ್ಟಿದ್ದಾರೆಯೇ ಎಂದಷ್ಟೇ ಕೇಳಿದ. ಎಲ್ಲಿಯ ಮನೆ, ಬರೀ ಕಲ್ಲು ನೆಟ್ಟಿದ್ದಾರೆ ಎಂದಳು ಬಂಗಾರಿ.

"ಒಲೆ ಹಚ್ಚದವನ ಮರ ಎಂತಕೆ ತಕಂಡೆ ಹಂಗರೆ?" ಎಂದ ದೇವು. "ಒಲೆ ಹೊತ್ತಿದ ಮೇಲೆ ಅಲ್ವನಾ ಮರ? ಅದು ಪಾಲೇ ಅಲ್ಲ. ಕಿತ್ತು ಹಾಕಿ."

ಬಂಗಾರಿ ಅವನ ಊದಿಕೊಂಡ ಕಾಲು ನೋಡಿದಳು. ಕಿತ್ತರೆ ಗಟ್ಟಿಯಿರುವವರಿಗೆ ಬರೀ ತೊಂದರೆ, ಇವನಿಗೆ ಜೀವದ ಪ್ರಶ್ನೆ. ಸಂಕವಿಲ್ಲದೆ ನಿಮ್ಮನ್ನು ದಾಟಿಸುವುದು ಹೇಗೆಂದು ಕೇಳಿದಳು. ಉಮೇಶನ ಬೆನ್ನಿಲ್ಲವೇ ಎಂದು ಹೇಳಿ ಅವನು ಗೋಡೆಯ ಕಡೆ ತಿರುಗಿ ಮಲಗಿದ.

ಮರುದಿನ ಅವಳೇ ಮನೆಮನೆಗೆ ಹೇಳಿಕೆ ಕೊಟ್ಟು ಬಂದಳು. ಹಮ್ಮುವಿನ ಅಂಗಳದಲ್ಲಿ ಊರು ಕೂತಾಗ ಮೊದಲು ತನ್ನ ತಪ್ಪು ಹೇಳಿಕೊಂಡಳು, ನೆಟ್ಟ ಕಲ್ಲನ್ನು ಒಲೆಯೆಂದು ಎಣಿಸಿದವಳು ನಾನು ಎಂದಳು. ಎಲ್ಲರೂ ಒಪ್ಪಲಿಲ್ಲ. ಮಳೆ ಮೇಲೆ ನಿಂತಿದೆ, ಇದ್ದ ಸಂಕ ಕೀಳುವುದು ಹುಚ್ಚು ಎಂದರು ಕೆಲವರು. ಅವರದನ್ನು ಕಿತ್ತು ನಮ್ಮ ಮರ ಹಾಕಿಕೊಳ್ಳೋಣ ಎಂದರು ಇನ್ನು ಕೆಲವರು. ಹಾಕಿದರೆ ಅದರದ್ದೂ ಫೋಟೋ ತೆಗೆದು ಸೇತುವೆ ಇದೆ ಎಂದು ಮತ್ತೆ ಬರೆಯುತ್ತಾರೆ ಎಂದಳು ಬಂಗಾರಿ. ಜುಲೈಯಲ್ಲಿ ಗ್ರಾಮಸಭೆ ನಡೆಸುವ ಸರದಿ ಕೊಪ್ಪದ ಶಾಲೆಯದು, ಎಂಜಿನಿಯರೂ ಬರಲೇಬೇಕು. ಅಲ್ಲಿಯವರೆಗೆ ಹಳ್ಳದ ಮೇಲೆ ಒಂದು ಕಡ್ಡಿಯೂ ಇರಬಾರದು. ನಿನ್ನ ಗಂಡನನ್ನು ಏನು ಮಾಡುತ್ತೀ ಎಂದು ಹಮ್ಮು ಕೇಳಿದ. ಇದು ಅವರದೇ ಮಾತು ಎಂದಳು.

ಮರ ಕಿತ್ತರು. ಎಸೆಯಲಿಲ್ಲ, ಸುಡಲಿಲ್ಲ. ಹೆಗಲ ಮೇಲೆ ಹೊತ್ತು ಲೇಔಟಿಗೆ ಹೋಗಿ ಒಂದೊಂದು ಸೈಟಿನ ನಡುವೆ ಒಂದೊಂದು ಮರ ಮಲಗಿಸಿದರು. ಕಾವಲುಗಾರ ಅಡ್ಡ ಬಂದಾಗ, ಯಾರದ್ದು ಅವರಿಗೆ ಕೊಡುತ್ತಿದ್ದೇವೆ, ನಿನಗೇನು ಎಂದು ಬಂಗಾರಿ ಕೇಳಿದಳು. ಸೈಟು ನೋಡಲು ಹುಬ್ಬಳ್ಳಿಯಿಂದ ಬಂದಿದ್ದ ಗಂಡ ಹೆಂಡತಿ, ಕುಂಕುಮ ಹಚ್ಚಿದ ಮರ ನೋಡಿ ಹೆದರಿ ಕಾರು ತಿರುಗಿಸಿದರಂತೆ. ಸಂಜೆಗೆ ಭಾಸ್ಕರ ಹಳ್ಳದ ಆ ಬದಿಗೆ ಬಂದು ನಿಂತು, ಪೊಲೀಸರನ್ನು ಕರೆಸುತ್ತೇನೆ ಎಂದು ಕೂಗಾಡಿದ. ಕರೆಸು, ಅವರೂ ಹಳ್ಳ ದಾಟಿ ಬರಲಿ ಎಂದು ಈ ಬದಿಯಿಂದ ಯಾರೋ ಉತ್ತರ ಕೊಟ್ಟರು.

ಆಮೇಲಿನ ದಿನಗಳು ಹೇಳುವಷ್ಟು ಸುಲಭವಿರಲಿಲ್ಲ. ಮಳೆ ಹಿಡಿಯಿತು. ಬಿದ್ದ ಮೋರಿಯ ಚಪ್ಪಡಿಗಳು ನೀರಿನಡಿಯಲ್ಲಿ ಒಬ್ಬರು ಕಾಲಿಡುವಷ್ಟು ದಾರಿ ಮಾಡಿದ್ದವು, ಅದರಿಂದಾಚೆ ತಪ್ಪಿದರೆ ಎದೆಯವರೆಗೆ ಗುಂಡಿ. ಹಳ್ಳ ತುಂಬಿದ ದಿನ ಬದನೆ, ಹೀರೆ ಮನೆಯಲ್ಲೇ ಕೊಳೆತವು. ಮಿಷಿನ್ನಿನ ದಿನ ಉಮೇಶ ದೊಡ್ಡಪ್ಪನನ್ನು ಬೆನ್ನ ಮೇಲೆ ಹೊತ್ತು ಇಳಿಯುತ್ತಿದ್ದ, ಬಂಗಾರಿ ಹಿಂದಿನಿಂದ ದೇವುವಿನ ಸೊಂಟ ಹಿಡಿದು ನಡೆಯುತ್ತಿದ್ದಳು. ಒಂದು ಸಲ ಉಮೇಶನ ಕಾಲು ಜಾರಿ ಮೂವರೂ ಮುಳುಗಿ ಎದ್ದರು. ಆ ದಿನ ಬಂಗಾರಿ ದಡದಲ್ಲಿ ಕೂತು ಅತ್ತಳು. ಸಂಕ ಕಿತ್ತದ್ದು ತಪ್ಪಾಯಿತೇ ಎಂದು ತನಗೆ ತಾನೇ ಕೇಳಿಕೊಂಡಳು. ಲೇಔಟಿನ ಬಾಗಿಲಲ್ಲಿ ಆಗ ಹೊಸ ಕಮಾನು ಏಳುತ್ತಿತ್ತು, ಅದಕ್ಕೆ ದೀಪದ ಸಾಲು ಕಟ್ಟುತ್ತಿದ್ದರು. ಅದನ್ನು ಕಂಡದ್ದೇ ಅವಳ ಅಳು ನಿಂತು ಮತ್ತೆ ಸಿಟ್ಟು ಬಂತು.

ಗ್ರಾಮಸಭೆ ನಿಗದಿಯಾದದ್ದು ಮಿಷಿನ್ನಿನ ದಿನವೇ. ಪಂಚಾಯತಿಯವರು ಲುಂಗಿ ಮೇಲೆತ್ತಿ ಸಲೀಸಾಗಿ ದಾಟಿದರು. ಎಂಜಿನಿಯರ್ ಅನೂಪ ಮಾತ್ರ ಬೂಟು ಹಾಕಿಕೊಂಡು ಆ ದಡದಲ್ಲೇ ನಿಂತಿದ್ದರು. ಹರೆಯದ ಮನುಷ್ಯ, ಮುಖದಲ್ಲಿ ಕೇಡಿರಲಿಲ್ಲ. ಸಭೆಯನ್ನು ಈ ಬದಿಯಲ್ಲೇ ನಡೆಸೋಣ ಎಂದು ಕೂಗಿ ಹೇಳಿದರು. ಬಂಗಾರಿ ನೀರಿಗಿಳಿದು ಅರ್ಧ ದಾರಿ ಹೋಗಿ ನಿಂತಳು.

"ಸೇತುವೆ ಮೇಲೇ ಬನ್ನಿ ಸಾಯ್ಬರೆ" ಎಂದಳು. "ನೀವೇ ಬರೆದದ್ದು."

ಅನೂಪ ಪಕ್ಕದಲ್ಲಿ ನಿಂತಿದ್ದ ಭಾಸ್ಕರನ ಮುಖ ನೋಡಿದರು. ಭಾಸ್ಕರ ಫೋನು ನೋಡಿದ. ಬೇರೆ ಉಪಾಯವಿಲ್ಲದೆ ಎಂಜಿನಿಯರು ಬೂಟು ಬಿಚ್ಚಿ, ಪ್ಯಾಂಟು ಮಡಚಿ ಇಳಿದರು. ಎರಡು ಹೆಜ್ಜೆಗೆ ಓಲಾಡಿದರು. ಬಂಗಾರಿ ಮುಂದೆ ಹೋಗಿ ಕೈ ಕೊಟ್ಟಳು, ಅವರು ಅದನ್ನು ಗಟ್ಟಿಯಾಗಿ ಹಿಡಿದುಕೊಂಡರು. ನಡುನೀರಿಗೆ ಬರುವಾಗ ಎದುರಿನಿಂದ ಉಮೇಶ ಬರುತ್ತಿದ್ದ. ಅವನ ಬೆನ್ನ ಮೇಲೆ ದೇವು, ದೇವುವಿನ ಕೈಯಲ್ಲಿ ಕೊಡೆ. ಚಪ್ಪಡಿಯ ಮೇಲೆ ಜಾಗ ಒಬ್ಬರಿಗೆ.

ದಾರಿ ಬಿಡಿ ಸಾಯ್ಬರೆ, ಅವರಿಗೆ ಆಸ್ಪತ್ರೆಯ ಹೊತ್ತಾಯಿತು ಎಂದು ಬಂಗಾರಿ ಮೆಲ್ಲಗೆ ಹೇಳಿದಳು. ಅನೂಪ ಅತ್ತಿತ್ತ ನೋಡಿ ಬದಿಗೆ ಕಾಲಿಟ್ಟರು, ಎದೆಯವರೆಗೆ ಇಳಿದುಹೋದರು. ಬಂಗಾರಿಯೂ ಜೊತೆಗೇ ಇಳಿದಳು, ಕೈ ಬಿಡಲಿಲ್ಲ. ಪಕ್ಕದಲ್ಲಿ ಹಾದುಹೋಗುವಾಗ ದೇವು ತಲೆ ಬಗ್ಗಿಸಿ, ಸೇತುವೆ ಸ್ವಲ್ಪ ಸಪೂರವಾಯಿತು, ತಪ್ಪು ತಿಳಿಯಬೇಡಿ ಎಂದ. ಅವನು ತಮಾಷೆ ಮಾಡಿದ್ದನ್ನು ಬಂಗಾರಿ ಕೇಳಿ ಬಹಳ ಕಾಲವಾಗಿತ್ತು.

ಶಾಲೆಯಲ್ಲಿ ಅನೂಪ ಕುರ್ಚಿಯಲ್ಲಿ ಕೂರಲಿಲ್ಲ. ಮೈಯಿಂದ ನೀರು ಸುರಿಯುತ್ತಿದ್ದಂತೆಯೇ ನಿಂತುಕೊಂಡು, ಹಳ್ಳದ ಮೇಲೆ ಸೇತುವೆ ಇಲ್ಲ, ಹಿಂದಿನ ಷರಾ ತನ್ನ ತಪ್ಪು, ಲೇಔಟಿನವರು ಶುಲ್ಕವನ್ನು ಪೂರ್ತಿ ಕಟ್ಟಬೇಕು, ಅದು ಈ ಸೇತುವೆಗೇ ಹೋಗಬೇಕು ಎಂದು ಎಲ್ಲರೆದುರು ಹೇಳಿದರು. ಸಭೆಯ ನಡಾವಳಿಯಲ್ಲಿ ಅಲ್ಲೇ ಬರೆಸಿ ಸಹಿ ಹಾಕಿದರು. ಶಾಲೆಯ ಹೆಂಚು ಹಾರುವಂತೆ ಚಪ್ಪಾಳೆ ಬಿತ್ತು. ಹಮ್ಮು ಕಣ್ಣೊರೆಸಿಕೊಂಡ. ಬಂಗಾರಿ ಮಾತ್ರ ಚಪ್ಪಾಳೆ ತಟ್ಟಲಿಲ್ಲ, ಕೂತಲ್ಲಿಂದ ಎದ್ದಳು.

"ನೀವು ಒಂದ್ಸಲ ಒದ್ದೆ ಆದದ್ದಕ್ಕೆ ಸೇತುವೆ ಇಲ್ಲ ಅಂತ ಆತು" ಎಂದಳು. "ನಮ್ಮನೆಯವರು ವಾರಕ್ಕೆ ಎರಡ್ಸಲ ಒದ್ದೆ ಆತ್ರು. ಅದು ಎಂತಕೆ ಸಾಕಾಗ್ಲಿಲ್ಲ ಸಾಯ್ಬರೆ?"

ಪಂಚಾಯತಿಯ ಅಧ್ಯಕ್ಷರು ಹಾಳೆ ತಿರುವಿ, ಮುಂದಿನ ವಿಷಯ ಬೀದಿದೀಪ ಎಂದರು.